ಹಡಗಿನ ಹಿಂಬದಿ ಏಕೆ ಎತ್ತರ?

ಹುಮನಾಬಾದಿನ ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳು ಹಗಲಿರುಳೂ ಓಡುತ್ತವೆ. ಅಂಥ ಪೆಟ್ಟಿಗೆಗಳನ್ನು ಹೊರುವ ಹಡಗಿನ ಚಿತ್ರ ಕಂಡವರಿಗೆ ಒಂದು ಪ್ರಶ್ನೆ ಏಳುತ್ತದೆ: ಲಾರಿ ನಡೆಸುವವನು ಮುಂದೆ ಕೂರುತ್ತಾನೆ, ಹಡಗು ನಡೆಸುವವರು ಹಿಂದೇಕೆ? ಹಾಯಿಹಡಗುಗಳ ಕಾಲದಲ್ಲಂತೂ ಹಿಂಬದಿಯನ್ನೇ ಎತ್ತರಿಸಿ ಕಟ್ಟುತ್ತಿದ್ದರು. ಆ ಅಟ್ಟಕ್ಕೆ ನಾವಿಕರು ಪೂಪ್ ಡೆಕ್ ಎನ್ನುತ್ತಾರೆ. ಕಪ್ತಾನರ, ದೊರೆಗಳ ಠೀವಿಗಾಗಿ ಅದು ಹುಟ್ಟಿತೆಂಬ ಮಾತುಂಟು. ನನ್ನ ಪ್ರಕಾರ ಅದನ್ನು ಹುಟ್ಟಿಸಿದ್ದು ಚುಕ್ಕಾಣಿ ಮತ್ತು ನೋಟ.

ಮುಂದೆ ಸಾಗುತ್ತಿರುವ ಹಡಗು ತಿರುಗುವ ಬಿಂದು ಅದರ ನಡುವಿಗಿಂತ ಮುಂದಿರುತ್ತದೆ. ಬಲ ಹಿಂತುದಿಯಲ್ಲಿ ಬಿದ್ದರೆ ಸನ್ನೆ ಉದ್ದವಾಗಿ ತಿರುಗಿಸುವುದು ಸುಲಭ; ಚುಕ್ಕಾಣಿ ಹಿಂದಿರುವುದು ಇದಕ್ಕೇ. 18ನೇ ಶತಮಾನದ ಆರಂಭದಲ್ಲಿ ಚುಕ್ಕಾಣಿಯ ಚಕ್ರ ಬರುವ ತನಕ ಅದನ್ನು ಹಿಡಿದವನು ಅದರ ಹತ್ತಿರವೇ ಇರಬೇಕಿತ್ತು, ಅವನಿಗೆ ದಿಕ್ಕು ಕೂಗಿ ಹೇಳುವ ಅಧಿಕಾರಿಯೂ ಅಷ್ಟೇ. ಕುರಿಮಂದೆಯ ಹಿಂದೆ ನಡೆಯುವವನಿಗೆ ಇಡೀ ಮಂದೆ ಕಾಣುವಂತೆ, ಹಿಂದೆ ಎತ್ತರದಲ್ಲಿ ನಿಂತವನಿಗೆ ಹಾಯಿ, ಹಗ್ಗ, ಆಳುಗಳೆಲ್ಲ ಕಾಣುತ್ತಿದ್ದರು. ಹಿಂದಿನಿಂದ ಬೆನ್ನಟ್ಟಿ ಬರುವ ಅಲೆ ಒಳಗೆ ಸುರಿಯದಂತೆ ತಡೆಯುತ್ತಿದ್ದುದೂ ಅದೇ ಎತ್ತರ.

ಅಧಿಕಾರಿಗಳ ಕೋಣೆ ಅಲ್ಲೇ ಇತ್ತಲ್ಲ ಎನ್ನಬಹುದು. ನಿಜ. ಆದರೆ ಠೀವಿಯೇ ಕಾರಣವಾಗಿದ್ದರೆ ಅರಸರ ಕೋಣೆ ಎಲ್ಲ ಕಡೆಯೂ ಹಿಂದಿರಬೇಕಿತ್ತು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಎದುರಾಳಿ ಪರಮಾರ ಭೋಜ. ಅವನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಗ್ರಂಥ ಅರಸರ ವಿಹಾರಕ್ಕೆ ನಡುವೆ ಕೋಣೆಯಿರುವ ಹಡಗನ್ನೂ, ದೂರಯಾನಕ್ಕೆ ಮತ್ತು ಯುದ್ಧಕ್ಕೆ ಮುಂದೆ ಕೋಣೆಯಿರುವುದನ್ನೂ ಹೇಳುತ್ತದೆ. ಇತ್ತ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಹಡಗುಗಳಲ್ಲಿ ಯಾವ ದೊರೆಯೂ ಇಲ್ಲ. ಆದರೂ ಚುಕ್ಕಾಣಿಯ ಕೋಣೆ ಹಿಂಬದಿಯಲ್ಲೇ, ಎತ್ತರದಲ್ಲೇ. ಠೀವಿಗಾಗಿ ಎತ್ತರ ಬೆಳೆಸಿದವರೂ ಇದ್ದರು, ಆದರೆ ಭಾರ ಮೇಲೇರಿದಷ್ಟೂ ಹಡಗು ಓಲಾಡುತ್ತದೆ. ಸ್ವೀಡನ್ನಿನ ‘ವಾಸಾ’ 1628ರಲ್ಲಿ ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ ಮುಳುಗಿದ್ದಕ್ಕೆ ಮೇಲ್ಭಾಗದ ಅತಿಭಾರವೇ ಮುಖ್ಯ ಕಾರಣ. ಅದಕ್ಕೂ ಮೊದಲೇ, 1570ರ ದಶಕದಲ್ಲಿ, ಇಂಗ್ಲೆಂಡ್ ತನ್ನ ಯುದ್ಧನೌಕೆಗಳ ಅಟ್ಟಗಳನ್ನು ತಗ್ಗಿಸಿ ಚುರುಕಾಗಿಸಿತ್ತು.

ಈಗ ಚುಕ್ಕಾಣಿಗೆ ಆಜ್ಞೆ ತಂತಿಯಲ್ಲಿ ಹರಿಯುತ್ತದೆ. ಎಂಜಿನ್ನು ಹಿಂದಿರುವುದರಿಂದ ಅದರ ಮೇಲಿನ ಮನೆಯೂ ಬಹುಮಟ್ಟಿಗೆ ಹಿಂದೆಯೇ ಉಳಿದಿದೆ. ಆದರೆ ಹಡಗಿನ ಮುಂದೆ ಎರಡು ಹಡಗಿನುದ್ದ ಅಥವಾ 500 ಮೀಟರ್, ಇವೆರಡರಲ್ಲಿ ಕಡಿಮೆಯಾದುದಕ್ಕಿಂತ ಹೆಚ್ಚು ನೀರು ಮರೆಯಾಗಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಪೆಟ್ಟಿಗೆಗಳ ರಾಶಿ ನೋಟಕ್ಕೆ ಅಡ್ಡವಾದಾಗ ಅತಿದೊಡ್ಡ ಕಂಟೇನರ್ ಹಡಗುಗಳು ನಡೆಸುವವರ ಕೋಣೆಯನ್ನು ಮುಂದಕ್ಕೆ ತಂದವು, ಎಂಜಿನ್ನನ್ನು ಹಿಂದೆಯೇ ಬಿಟ್ಟವು. ಚುಕ್ಕಾಣಿಯ ನಂಟು ಸಡಿಲವಾದೊಡನೆ ಕೋಣೆ ನೋಟದ ಬೆನ್ನು ಹಿಡಿದು ಹೋಯಿತು. ಠೀವಿಯೇ ಮೂಲವಾಗಿದ್ದರೆ ಅದು ಕದಲಬೇಕಿರಲಿಲ್ಲ.