ಮಳೆನಾಡಿನಲ್ಲಿ ಬಿಸಿಲಿನ ದೀಪ

ಖಾನಾಪುರದ ಭೀಮಗಡ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗಿನ ಹಳ್ಳಿಗಳಿಗೆ ವಿದ್ಯುತ್ ತಂತಿಯೆಳೆಯುವುದು ಸುಲಭವಲ್ಲ; ಬಿಸಿಲನ್ನಾದರೋ ಯಾರ ಅಪ್ಪಣೆಯೂ ಇಲ್ಲದೆ ಹಿಡಿಯಬಹುದು. ಆದರೆ ಎಷ್ಟು?

ಬೆಳಗಾವಿಯ ಪೇಟೆಯಲ್ಲಿ ಸೌರಫಲಕ ಕೊಳ್ಳುವವರು ಮೊದಲು ಈ ಲೆಕ್ಕವನ್ನು ಮಾಡತಕ್ಕದ್ದು. ಫಲಕದ ಬೆನ್ನಿಗೆ ಬರೆದ 40 ವ್ಯಾಟ್ ಎಂಬುದು, ಚದರ ಮೀಟರಿಗೆ 1000 ವ್ಯಾಟ್ ಬೆಳಕಿನಲ್ಲಿ, ಕೋಶಗಳು 25 ಡಿಗ್ರಿ ಉಷ್ಣತೆಯಲ್ಲಿದ್ದಾಗ ಅಳೆದ ಅಂಕೆ. ಬೇಸಗೆಯಲ್ಲಿ ದಿನಕ್ಕೆ 5 ತಾಸಿನ ಪೂರ್ಣ ಬಿಸಿಲೆಂದೆಣಿಸಿ ನಷ್ಟವನ್ನು ಕಳೆದರೆ, ಸುಮಾರು 130 ವ್ಯಾಟ್-ತಾಸು ನಮಗೆ ದಕ್ಕೀತು. 5 ವ್ಯಾಟಿನ ಮೂರು ಎಲ್‌ಇಡಿ ದೀಪಗಳು 5 ತಾಸು ಉರಿದರೂ 75 ಮಾತ್ರ ಖರ್ಚು. ಆಷಾಢದ ಕಾರ್ಮೋಡ ಕವಿಯಿತೆಂದರೆ ಗಳಿಕೆಯು ಕಾಲುಭಾಗಕ್ಕೆ ಇಳಿಯಬಹುದು. ಆಗ ಒಂದೇ ದೀಪ ಗತಿ. ಅದನ್ನು ಅಡಿಗೆಮನೆಗಿಡಬೇಕೋ, ಓದುವ ಮಗುವಿನೆದುರಿಗೋ ಎಂಬುದನ್ನು ಯಾವ ಸೂತ್ರವೂ ಹೇಳಲಾರದು.

12 ವೋಲ್ಟಿನ, 40 ಆಂಪಿಯರ್-ತಾಸಿನ ಸೀಸದ ಬ್ಯಾಟರಿಯಿದ್ದರೆ, ಅರ್ಧಕ್ಕಿಂತ ಬರಿದು ಮಾಡದೆಯೇ ಆ ಮೂರೂ ದೀಪಗಳನ್ನು ಮೂರು ರಾತ್ರಿ ಉರಿಸಬಹುದು. ಪೂರ್ತಿ ಬರಿದು ಮಾಡುತ್ತ ಹೋದರೆ ಅದು ಬೇಗನೆ ಕೆಡುತ್ತದೆ.

ಇಂಥ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳು ಸರಪಳಿಯಂತೆ ಜೋಡಣೆಗೊಂಡಿರುತ್ತವೆ. ಹಲಸಿನ ಎಲೆಯೊಂದು ಒಂದೇ ಕೋಶವನ್ನು ಮುಚ್ಚಿದರೂ ಪ್ರವಾಹವೆಲ್ಲ ಕುಗ್ಗುತ್ತದೆ! ಆದುದರಿಂದ ದಕ್ಷಿಣಕ್ಕೆ ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸುವ ಮುನ್ನ, ಬೆಳಗಿನಿಂದ ಸಂಜೆಯವರೆಗೆ ಮರಗಳ ನೆರಳು ಎಲ್ಲೆಲ್ಲಿ ಹರಿದಾಡುವುದೆಂಬುದನ್ನು ಒಂದು ದಿನ ಕುಳಿತು ನೋಡಿರಿ.