ಬಿರಿಯಾನಿ ತಳ ಹಿಡಿದರೂ ನಿಕಾಹ್ ಕೆಡುವುದಿಲ್ಲ

(ಜುಮಾ ಖುತ್ಬಾದ ಸಾರಾಂಶ)



ಮದುವೆಗಳ ಕಾಲ ಬಂದಿದೆ. ಆರು ತಿಂಗಳಿನಿಂದ ಕಾದ ದಿನದಂದೇ ಮಳೆ ಸುರಿಯುತ್ತದೆ. ಶಾದಿ ಮಹಲಿನಲ್ಲಿ ಕರೆಂಟು ಹೋಗುತ್ತದೆ. ವರನ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಬಿರಿಯಾನಿ ತಳ ಹಿಡಿಯುತ್ತದೆ, ಇಲ್ಲವೇ ಕೊನೆಯ ಪಂಕ್ತಿಗೆ ಸಾಲದೆ ಹೋಗುತ್ತದೆ. ಇವೆಲ್ಲ ಒಂದು ದಿನದ ತೊಂದರೆಗಳು. ಆದರೆ ಆ ಒಂದು ದಿನದ ಮಾತು ಇಪ್ಪತ್ತು ವರ್ಷ ಬಾಳುತ್ತದೆ. ‘ನಿಮ್ಮಪ್ಪನ ಮನೆಯವರು ನಮ್ಮ ಜನಕ್ಕೆ ಹೊಟ್ಟೆ ತುಂಬ ಊಟ ಹಾಕಲಿಲ್ಲ’ ಎಂಬ ಚುಚ್ಚು ಮಾತನ್ನು ಮನೆಯ ಸೊಸೆ ತಾನೇ ಅಜ್ಜಿಯಾಗುವವರೆಗೂ ಕೇಳುತ್ತಿರುತ್ತಾಳೆ. ಅನ್ನ ಸಾಲದ್ದು ಒಂದು ಮಧ್ಯಾಹ್ನ, ಮನಸ್ಸು ನೋಯುವುದು ಜೀವಮಾನವಿಡೀ. ಆದ್ದರಿಂದ ವಿಶೇಷ ದಿನ ಕೆಟ್ಟಾಗ ಹೇಗೆ ನಡೆದುಕೊಳ್ಳಬೇಕು ಎಂಬುದು ಸಣ್ಣ ವಿಷಯವಲ್ಲ.

ಕೆಟ್ಟದ್ದೇನು, ಉಳಿದದ್ದೇನು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಿಕಾಹ್‌ಗೆ ಏನೇನು ಬೇಕು? ವಧು-ವರರ ಒಪ್ಪಿಗೆ, ವಲಿ, ಇಬ್ಬರು ಸಾಕ್ಷಿಗಳು, ಈಜಾಬ್-ಕಬೂಲ್, ಮಹರ್. ಈ ಪಟ್ಟಿಯಲ್ಲಿ ಬಿರಿಯಾನಿ ಇಲ್ಲ, ಸ್ಟೇಜಿನ ಹೂವಿಲ್ಲ, ಫೋಟೋಗ್ರಾಫರ್ ಅಂತೂ ಇಲ್ಲವೇ ಇಲ್ಲ. ಇವು ಸಂತೋಷಕ್ಕೆ ಬೇಕು, ನಿಜ. ಆದರೆ ಇವು ಕೆಟ್ಟರೆ ನಿಕಾಹ್ ಕೆಡುವುದಿಲ್ಲ.

ಖೈಬರ್‌ನಿಂದ ಮರಳುವ ದಾರಿಯಲ್ಲಿ ಹಝ್ರತ್ ಸಫಿಯ್ಯಾ(ರ)ರೊಂದಿಗೆ ಪ್ರವಾದಿವರ್ಯರ(ಸ) ವಲೀಮಾ ನಡೆಯಿತು. ಅಂದು ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಚರ್ಮದ ಹಾಸು ಹರಡಿ ಅದರ ಮೇಲೆ ಖರ್ಜೂರ, ಒಣಗಿಸಿದ ಮೊಸರು ಮತ್ತು ತುಪ್ಪ ಇಟ್ಟರು ಎಂದು ಹಝ್ರತ್ ಅನಸ್(ರ) ತಿಳಿಸಿದ್ದಾರೆ (ಬುಖಾರಿ). ಜನ ತಿಂದರು, ವಲೀಮಾ ಆಯಿತು.

ಈದ್‌ನ ದಿನವೇ ಮುಂದೆ ಹೋದದ್ದೂ ಉಂಟು. ಒಮ್ಮೆ ಮದೀನಾದಲ್ಲಿ ಶವ್ವಾಲ್‌ನ ಚಂದ್ರ ಕಾಣದೆ ಜನ ಮರುದಿನವೂ ಉಪವಾಸವಿದ್ದರು. ದಿನದ ಕೊನೆಯಲ್ಲಿ ಪ್ರಯಾಣಿಕರ ಒಂದು ತಂಡ ಬಂದು, ನಿನ್ನೆಯೇ ಚಂದ್ರನನ್ನು ನೋಡಿದ್ದೇವೆಂದು ಸಾಕ್ಷ್ಯ ಹೇಳಿತು. ಪ್ರವಾದಿವರ್ಯರು(ಸ) ಜನರಿಗೆ ಉಪವಾಸ ಬಿಡಲು ಹೇಳಿ, ಮರುದಿನ ಬೆಳಿಗ್ಗೆ ಈದ್‌ಗಾಹ್‌ಗೆ ಹೊರಡಲು ಆದೇಶಿಸಿದರು (ಅಬೂದಾವೂದ್). ಪ್ರವಾದಿಯವರ ಊರಿನಲ್ಲೇ ಈದ್ ಒಂದು ದಿನ ತಡವಾಗಬಹುದಾದರೆ, ನಮ್ಮ ಮನೆಯ ಶೀರ್ ಖುರ್ಮಾದ ಹಾಲು ಒಡೆದದ್ದಕ್ಕೆ ಮನೆಯವರೆಲ್ಲ ಮುಖ ಊದಿಸಿಕೊಂಡು ಕೂರಬೇಕೇ?

ಮೊದಲು ಚೂರುಗಳನ್ನು ಆರಿಸಿ

ಎರಡನೆಯ ಪಾಠ ಒಂದು ಒಡೆದ ತಟ್ಟೆಯದು. ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಲ್ಲೊಬ್ಬರ ಮನೆಯಲ್ಲಿದ್ದಾಗ, ಇನ್ನೊಬ್ಬ ಪತ್ನಿ ಸೇವಕರ ಕೈಯಲ್ಲಿ ಒಂದು ತಟ್ಟೆ ಆಹಾರ ಕಳುಹಿಸಿದರು. ಮನೆಯಲ್ಲಿದ್ದವರು ಸೇವಕರ ಕೈಗೆ ಹೊಡೆದರು. ತಟ್ಟೆ ಬಿದ್ದು ಒಡೆಯಿತು, ಊಟ ನೆಲದ ಪಾಲಾಯಿತು. ಅಲ್ಲಿದ್ದವರಿಗೆಲ್ಲ ಎಂತಹ ಮುಜುಗರವಾಗಿರಬೇಕು, ಊಹಿಸಿ.

ಪ್ರವಾದಿವರ್ಯರು(ಸ) ಸಿಟ್ಟಾಗಲಿಲ್ಲ, ಯಾರ ಮೇಲೂ ಕೂಗಲಿಲ್ಲ. ತಾವೇ ತಟ್ಟೆಯ ಚೂರುಗಳನ್ನು ಆರಿಸಿ, ಚೆಲ್ಲಿದ ಆಹಾರವನ್ನು ಅದರಲ್ಲಿ ಒಟ್ಟುಗೂಡಿಸಿದರು. ನಿಮ್ಮ ತಾಯಿಗೆ ಸವತಿಯ ಮೇಲೆ ಅಸೂಯೆ ಬಂದಿದೆ ಎಂದಷ್ಟೇ ಹೇಳಿದರು. ನಂತರ ಆ ಮನೆಯಿಂದಲೇ ಒಂದು ಒಳ್ಳೆಯ ತಟ್ಟೆ ತರಿಸಿ ತಟ್ಟೆ ಕಳೆದುಕೊಂಡವರಿಗೆ ಕಳುಹಿಸಿದರು, ಒಡೆದದ್ದನ್ನು ಒಡೆದ ಮನೆಯಲ್ಲೇ ಉಳಿಸಿದರು (ಬುಖಾರಿ).

ಈ ಕ್ರಮವನ್ನು ಗಮನಿಸಿ. ಮೊದಲು ಕೈ ಕೆಲಸ ಮಾಡಿತು. ಆಮೇಲೆ ಇದು ಮನುಷ್ಯಸಹಜ ಎಂದು ತಿಳಿಸುವ ಒಂದೇ ಮಾತು, ಅದರಲ್ಲೂ ‘ನಿಮ್ಮ ತಾಯಿ’ ಎಂಬ ಗೌರವ. ಕೊನೆಗೆ ನ್ಯಾಯ: ನಷ್ಟವಾದವರಿಗೆ ನಷ್ಟ ತುಂಬಿಕೊಟ್ಟರು. ನಾವು ಮಾಡುವುದು ಇದರ ತಿರುವುಮುರುವು. ಮೊದಲು ‘ಯಾರು ಮಾಡಿದ್ದು?’ ಎಂಬ ವಿಚಾರಣೆ, ಆಮೇಲೆ ಎಲ್ಲರೆದುರು ಬೈಗುಳ, ಚೂರುಗಳು ಮಾತ್ರ ಹಾಗೆಯೇ ಬಿದ್ದಿರುತ್ತವೆ. ಬಾವರ್ಚಿಯ ತಪ್ಪಿದ್ದರೆ ಮರುದಿನ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಲೆಕ್ಕ ಮಾತಾಡಿ. ಪಂಕ್ತಿಯಲ್ಲಿ ಜನ ಕೂತಿರುವಾಗ ಬೇಕಾದದ್ದು ಅನ್ನ, ವಿಚಾರಣೆಯಲ್ಲ. ‘ಹಾಗೆ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ‘ರೆ’ಕಾರ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆಂದು ಹದೀಸ್ ಎಚ್ಚರಿಸುತ್ತದೆ (ಮುಸ್ಲಿಮ್).

ನಗಬಹುದೇ?

ಖಂಡಿತ ನಗಬಹುದು. ಒಬ್ಬರು ಸವಾರಿಗೆ ಒಂಟೆ ಕೇಳಿದಾಗ ಪ್ರವಾದಿವರ್ಯರು(ಸ) ಒಂಟೆಯ ಮರಿಯನ್ನು ಕೊಡುತ್ತೇನೆಂದರು. ಮರಿ ತೆಗೆದುಕೊಂಡು ನಾನೇನು ಮಾಡಲಿ ಎಂದು ಅವರು ಪೇಚಾಡಿದಾಗ, ಯಾವ ಒಂಟೆ ತಾನೇ ಇನ್ನೊಂದು ಒಂಟೆಯ ಮರಿಯಲ್ಲ ಎಂದು ಮರುಪ್ರಶ್ನಿಸಿದರು (ತಿರ್ಮಿದಿ). ಆ ತಮಾಷೆಯಲ್ಲಿ ಸುಳ್ಳಿರಲಿಲ್ಲ, ಯಾರಿಗೂ ಅವಮಾನವಿರಲಿಲ್ಲ.

ಇದೇ ನಮಗೂ ಮಿತಿ. ಒಂದು ಜನಾಂಗ ಇನ್ನೊಂದು ಜನಾಂಗವನ್ನು, ಸ್ತ್ರೀಯರು ಇತರ ಸ್ತ್ರೀಯರನ್ನು ಅಪಹಾಸ್ಯ ಮಾಡುವುದನ್ನು ಸೂರಃ ಅಲ್ ಹುಜುರಾತ್ ತಡೆದಿದೆ. ಆದ್ದರಿಂದ ನಿಯಮ ಸರಳ: ಯಾರ ದಿನ ಕೆಟ್ಟಿತೋ ಅವರು ಮೊದಲು ನಗಲಿ. ವಧುವಿನ ತಂದೆ ತಾನೇ ಮುಗುಳ್ನಕ್ಕು ‘ಇವತ್ತು ತಳದ ಅನ್ನವೂ ಬರ್ಕತ್ತಿನದೇ, ತಿನ್ನಿ’ ಎಂದರೆ ಇಡೀ ಮಹಲಿನ ಬಿಗಿತ ಸಡಿಲವಾಗುತ್ತದೆ. ಅದೇ ಮಾತನ್ನು ಬೀಗರು ಹೇಳಿದರೆ ಅದು ಚೂರಿ. ಜಾರಿ ಬಿದ್ದ ವರನ ವೀಡಿಯೋವನ್ನು ಸ್ಟೇಟಸ್‌ಗೆ ಹಾಕುವುದು ತಮಾಷೆಯಲ್ಲ, ಒಬ್ಬರ ಮಾನವನ್ನು ಹಂಚುವುದು.

ನಗು ಬಾರದ ದಿನ

ಕೆಲವು ದಿನಗಳ ನೋವು ನಗೆಗೆ ಬಗ್ಗದು. ಹಿಜರಿ 6ರಲ್ಲಿ ಸುಮಾರು 1400 ಸಹಾಬಿಗಳು ಇಹ್ರಾಮ್ ಧರಿಸಿ ಉಮ್ರಾಗೆ ಹೊರಟರು. ಮಕ್ಕಾದ ಹೊಸ್ತಿಲಲ್ಲಿ, ಹುದೈಬಿಯಾದಲ್ಲಿ, ಅವರನ್ನು ತಡೆಯಲಾಯಿತು. ಒಪ್ಪಂದದ ಬಳಿಕ, ಬಲಿಮೃಗಗಳನ್ನು ಅಲ್ಲೇ ದಿಬಹ್ ಮಾಡಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಮೂರು ಬಾರಿ ಹೇಳಿದರೂ ದುಃಖದ ಭಾರಕ್ಕೆ ಯಾರೂ ಏಳಲಿಲ್ಲ. ಆಗ ಹಝ್ರತ್ ಉಮ್ಮು ಸಲಮಾ(ರ) ಒಂದು ಸಲಹೆ ಕೊಟ್ಟರು: ಯಾರೊಂದಿಗೂ ಮಾತನಾಡದೆ ಹೊರಗೆ ಹೋಗಿ ನಿಮ್ಮ ಒಂಟೆಯನ್ನು ದಿಬಹ್ ಮಾಡಿ, ತಲೆ ಬೋಳಿಸಿಕೊಳ್ಳಿ. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ನೋಡಿದವರೆಲ್ಲ ಎದ್ದರು, ಒಬ್ಬರ ತಲೆಯನ್ನೊಬ್ಬರು ಬೋಳಿಸಿದರು (ಬುಖಾರಿ). ಮುಂದೆ ಸೂರಃ ಅಲ್ ಫತ್‌ಹ್ ಅದನ್ನೇ ಸ್ಪಷ್ಟ ವಿಜಯವೆಂದು ಕರೆಯಿತು. ಮರುವರ್ಷ ಉಮ್ರಾ ನೆರವೇರಿತು.

ಎಲ್ಲರೂ ಕುಸಿದು ಕೂತಾಗ ಭಾಷಣ ಕೆಲಸಕ್ಕೆ ಬಾರದು. ಒಬ್ಬರು ಎದ್ದು ಮುಂದಿನ ಕೆಲಸ ಹಿಡಿಯಬೇಕು. ಮನೆಯಲ್ಲಿ ಆ ಒಬ್ಬರು ತಾಯಿಯಾಗಿರಬಹುದು, ಮೈದುನನಾಗಿರಬಹುದು, ಪಕ್ಕದ ಮನೆಯವರಾಗಿರಬಹುದು.

ಅತಿಥಿಗಳಿಗೂ ಒಂದು ಮಾತು. ಹಝ್ರತ್ ಝೈನಬ್(ರ)ರ ವಲೀಮಾದಲ್ಲಿ ಉಂಡ ಮೇಲೂ ಕೆಲವರು ಮಾತಾಡುತ್ತಾ ಕೂತರು. ಎದ್ದು ಹೋಗಿ ಎನ್ನಲು ಪ್ರವಾದಿವರ್ಯರಿಗೆ(ಸ) ಸಂಕೋಚವಾಯಿತು, ಸೂರಃ ಅಲ್ ಅಹ್‌ಝಾಬ್‌ನ ವಚನವೇ ಅವತೀರ್ಣವಾಯಿತು. ಅತಿಥೇಯರ ಕಷ್ಟ ಅರಿಯುವುದು ಅತಿಥಿಯ ಕರ್ತವ್ಯ. ಉಂಡದ್ದನ್ನು ನೆನೆದು ದುಆ ಮಾಡಿ, ಕಡಿಮೆಯಾದದ್ದನ್ನು ಅಲ್ಲೇ ಮರೆತು ಬನ್ನಿ.

ಅಲ್ಲಾಹನು ನಮ್ಮ ಸಂತೋಷದ ದಿನಗಳಲ್ಲಿ ಬರ್ಕತ್ತನ್ನೂ, ಅವು ಕೆಟ್ಟಾಗ ಸಬ್ರನ್ನೂ, ಯಾರನ್ನೂ ನೋಯಿಸದ ನಗುವನ್ನೂ ನಮಗೆ ದಯಪಾಲಿಸಲಿ. ನಮ್ಮ ಮಾತಿನಿಂದ ಯಾವ ಮನೆಯ ಮಗಳ ಕಣ್ಣೂ ಒದ್ದೆಯಾಗದಿರಲಿ. ಆಮೀನ್.