ದೋಣಿ ತಾಗದಿದ್ದರೂ ದಂಡ ತಪ್ಪದು

1985ರ ಸೆಪ್ಟೆಂಬರ್. ಅಮೆರಿಕದ ಇಂಡಿಯಾನಾ ರಾಜ್ಯದ ಮಿಷಿಗನ್ ಸಿಟಿಯಲ್ಲಿ, ದೋಣಿ ಕಟ್ಟುವ ಮರೀನಾದಲ್ಲಿ ನಿಂತಿದ್ದ ‘ಉಲ್ಟೋರ್ಸಾ’ ಎಂಬ ವಿಹಾರ ನೌಕೆಗೆ ಬೆಂಕಿ ಬಿತ್ತು. ಬೆಂಕಿ ಹೊತ್ತಿದ್ದು ಎಂಜಿನ್‌ನಲ್ಲಲ್ಲ, ಬಟ್ಟೆ ಒಗೆದು ಒಣಗಿಸುವ ಯಂತ್ರದ ಬಳಿ. ನೌಕೆ ಸುಟ್ಟುಹೋಯಿತು, ಅಕ್ಕಪಕ್ಕದ ದೋಣಿಗಳೂ ಮರೀನಾವೂ ಹಾನಿಗೊಳಗಾದವು. ನಷ್ಟ ಅನುಭವಿಸಿದವರು ಕೇಳಿದ ಪರಿಹಾರ 2,75,000 ಡಾಲರ್‌ಗೂ ಹೆಚ್ಚು. ಮಾಲೀಕರೋ ತಮ್ಮ ಹೊಣೆಯನ್ನು ಬರೀ 800 ಡಾಲರ್‌ಗೆ ಮಿತಿಗೊಳಿಸಬೇಕೆಂದು ಕೋರ್ಟಿನ ಬಾಗಿಲು ತಟ್ಟಿದರು. ಸುಟ್ಟುಳಿದ ನೌಕೆಯ ಬೆಲೆ ಅಷ್ಟೇ ಆಗಿತ್ತು!

ಕೇಳಿದರೆ ನಗು ಬರಬಹುದು. ಆದರೆ ಅದಕ್ಕೆ ಕಾನೂನಿನ ಆಧಾರವಿತ್ತು. ಮೋಜಿನ ದೋಣಿಗೆ ಹಡಗಿನ ಕಾನೂನು ಅನ್ವಯಿಸದು, ರಸ್ತೆ ಅಪಘಾತದ ಲೆಕ್ಕವೇ ಸಾಕು ಎಂದು ಹಲವರು ತಿಳಿದಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟ್ ಹಾಗೆ ತಿಳಿಯಲಿಲ್ಲ. ಲೂಸಿಯಾನಾದ ಅಮೀಟ್ ನದಿಯಲ್ಲಿ ಎರಡು ವಿಹಾರ ದೋಣಿಗಳು ಡಿಕ್ಕಿಯಾದ ಪ್ರಕರಣದಲ್ಲಿ, ಅದಕ್ಕೂ ಕಡಲ ಕಾನೂನು ಅನ್ವಯವೆಂದು 1982ರಲ್ಲೇ ಹೇಳಿತ್ತು. 1990ರಲ್ಲಿ ಉಲ್ಟೋರ್ಸಾ ಪ್ರಕರಣದಲ್ಲೂ ಅದೇ ನಿಲುವು ತಾಳಿತು. 800 ಡಾಲರ್ ಸಾಕೇ ಎಂಬುದನ್ನು ಮಾತ್ರ ತೀರ್ಮಾನಿಸಲಿಲ್ಲ. ಒಂದೇ ರಾಜ್ಯದೊಳಗೆ ಮುಚ್ಚಿಕೊಂಡಿರುವ, ಹಡಗು ಸಂಚಾರವಿಲ್ಲದ ಕೆರೆಗಳಿಗೆ ಆಯಾ ರಾಜ್ಯದ ಕಾನೂನೇ ಗತಿ.

800 ಡಾಲರ್ ಬೇಡಿಕೆಗೆ ಆಧಾರವಾದ, ಹೊಣೆಯನ್ನು ಮಿತಿಗೊಳಿಸುವ ಕಾಯ್ದೆ 1851ರದು. ಅಮೆರಿಕದ ಹಡಗು ಉದ್ಯಮಕ್ಕೆ ಬಂಡವಾಳ ಹರಿದುಬರಲಿ ಎಂಬುದು ಅದರ ಉದ್ದೇಶ. ಟೈಟಾನಿಕ್ ಕಂಪನಿಯೂ ಇದರ ಮೊರೆಹೋಗಿ, ಉಳಿದ ಜೀವರಕ್ಷಕ ದೋಣಿಗಳು ಮತ್ತು ಆ ಪ್ರಯಾಣದ ಗಳಿಕೆ ಸೇರಿ ಸುಮಾರು 92,000 ಡಾಲರ್‌ಗೆ ಹೊಣೆ ಮುಗಿಸಲು ನೋಡಿತ್ತು. ಹಾಗೆಂದು ‘ದೋಣಿ ಹಾಳಾದರೆ ಹೊಣೆಯೂ ಇಲ್ಲ’ ಎಂದು ಮಾಲೀಕರು ನಿಶ್ಚಿಂತೆಯಿಂದ ಇರುವಂತಿಲ್ಲ. ಅಪಘಾತಕ್ಕೆ ಕಾರಣವಾದ ಲೋಪ ಮಾಲೀಕನಿಗೆ ತಿಳಿದಿದ್ದರೆ, ಅದರಲ್ಲಿ ಅವನ ಕೈವಾಡವಿದ್ದರೆ ರಕ್ಷಣೆ ಸಿಗದು. ಚುಕ್ಕಾಣಿ ಅವನ ಕೈಯಲ್ಲೇ ಇದ್ದರಂತೂ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಾರಾಂತ್ಯದ ವಿಹಾರಕ್ಕೂ ಈ ರಿಯಾಯಿತಿ ಯಾಕೆ ಬೇಕೋ!

‘ಗುದ್ದಿದವನೇ ಪೂರ್ತಿ ತೆರಬೇಕು’ ಎಂಬುದು ಇನ್ನೊಂದು ನಂಬಿಕೆ. 1855ರಿಂದ ಇದ್ದ ಪದ್ಧತಿಯಂತೂ ಇನ್ನೂ ವಿಚಿತ್ರ: ಇಬ್ಬರದೂ ತಪ್ಪಿದ್ದರೆ ನಷ್ಟ ಅರ್ಧರ್ಧ. ನ್ಯೂಯಾರ್ಕ್ ಬಳಿ ‘ಮೇರಿ ಎ. ವೇಲನ್’ ಎಂಬ ಪುಟ್ಟ ತೈಲ ಹಡಗು ನೆಲಕ್ಕೆ ತಗುಲಿದಾಗ ತಪ್ಪು ಹಡಗಿನದು ಶೇ 75, ದಾರಿ ತೋರುವ ದೀಪ ನೋಡಿಕೊಳ್ಳದ ಕೋಸ್ಟ್ ಗಾರ್ಡ್‌ನದು ಶೇ 25 ಎಂದು ಕೆಳ ನ್ಯಾಯಾಲಯ ಹೇಳಿತ್ತು. ಆದರೂ ಅದು ನಷ್ಟವನ್ನು ಸಮನಾಗಿ ಹಂಚಿತು. 1975ರಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನೇ ಕೈಬಿಟ್ಟಿತು. ಅಂದಿನಿಂದ ತಪ್ಪು ಎಷ್ಟೋ ಪರಿಹಾರವೂ ಅಷ್ಟೇ.

ತಗುಲದಿದ್ದರೆ ತೊಂದರೆಯಿಲ್ಲ ಎಂಬುದೂ ಸುಳ್ಳು. ವೇಗವಾಗಿ ಹೋದ ದೋಣಿ ಎಬ್ಬಿಸಿದ ಅಲೆ ಜೆಟ್ಟಿಗೆ ಕಟ್ಟಿದ ದೋಣಿಯ ಹಗ್ಗ ಹರಿದರೆ, ಹೊಣೆ ಅಲೆ ಎಬ್ಬಿಸಿದವನದೇ ಆಗಬಹುದು. ಹಾಯಿದೋಣಿಗೆ ಯಾವಾಗಲೂ ದಾರಿ ಬಿಡಬೇಕೆಂಬ ಮಾತೂ ಅರ್ಧಸತ್ಯ: ಹಿಂದಿನಿಂದ ಬಂದು ದಾಟುವಾಗ ಹಾಯಿದೋಣಿಯೇ ಸರಿದು ಹೋಗಬೇಕು.

ಮನೆಯ ವಿಮೆ ಎಲ್ಲವನ್ನೂ ಭರಿಸುತ್ತದೆಂದು ನಂಬುವಂತಿಲ್ಲ. ದೊಡ್ಡ ಎಂಜಿನ್ನಿನ ದೋಣಿಗಳನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಬೇಸಿಗೆಯಲ್ಲಿ ಅಮೆರಿಕದಲ್ಲಿ ಪಾಂಟೂನ್ (ತೇಲುಕೊಳವೆಗಳ ಮೇಲೆ ಕೂರಿಸಿದ ಚಪ್ಪಟೆ) ದೋಣಿ ಬಾಡಿಗೆಗೆ ಪಡೆಯುವ ಕನ್ನಡಿಗರು ಸಹಿ ಹಾಕುವ ಮುನ್ನ ಬಾಡಿಗೆ ಕರಾರು ಓದಲಿ. ಅಪಘಾತವಾದರೆ ನಿಂತು, ಹಾನಿಗೊಳಗಾದವರಿಗೆ ಹೆಸರು, ವಿಳಾಸ, ದೋಣಿಯ ಗುರುತು ಕೊಡಬೇಕು. ಆಸ್ತಿಹಾನಿ 2,000 ಡಾಲರ್ ಮುಟ್ಟಿದರೆ 10 ದಿನಗಳೊಳಗೆ ಅಧಿಕಾರಿಗಳಿಗೆ ವರದಿ ಸಲ್ಲಿಸುವುದು ಕಡ್ಡಾಯ. ಕೆಲವು ರಾಜ್ಯಗಳಲ್ಲಿ ಈ ಮಿತಿ ಇನ್ನೂ ಕಡಿಮೆ.